ಆ ಅರವತ್ತೇಳು ವೋಟು ಎಲ್ಲಿಂದ ತರುತ್ತೀರಿ? ಸಂಸದ ಶ್ರೀ ಥಾಣೇದಾರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಥಾಣೇದಾರ್ ಅವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಕ್ಷೇತ್ರದ ಮತದಾರ ಅಲ್ಲ. ಇರುವುದು ಡೆಟ್ರಾಯ್ಟ್ ಪಕ್ಕದಲ್ಲೇ, ಆದರೆ ಕ್ಷೇತ್ರದ ಗೆರೆ ನಮ್ಮ ಮನೆಯನ್ನು ಆಚೆಗೆ ಹಾಕಿದೆ. ಹಾಗಾಗಿ ನೀವು ನನಗೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ಆದರೂ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ, ನಮ್ಮ ಜನರೂ ಓದಲಿ ಅಂತ.

2025ರ ಏಪ್ರಿಲ್ 28ರಂದು ನೀವು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮೇಲೆ ಏಳು ಆರೋಪಗಳ ವಾಗ್ದಂಡನೆ ಗೊತ್ತುವಳಿ ತಂದಿರಿ. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ಓದಲು ಇಲ್ಲಿಗೆ ಬಂದ ಮನುಷ್ಯ ಅಮೆರಿಕದ ಅಧ್ಯಕ್ಷನ ಮೇಲೇ ಆರೋಪಪಟ್ಟಿ ಬರೆದರು ಅಂದರೆ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪು ಸುಮ್ಮನಿರುತ್ತದೆಯೇ? ಒಬ್ಬರು 'ಗಂಡೆದೆ' ಅಂದರು. ಇನ್ನೊಬ್ಬರು 'ಹೆಸರು ಮಾಡೋಕೆ ಮಾಡಿದ್ದು, ಬಿಡ್ರೀ' ಅಂದರು. ಒಂದೇ ಮನೆಯ ಅಣ್ಣ ತಮ್ಮ ಗುಂಪಿನಲ್ಲೇ ಜಗಳಕ್ಕೆ ಬಿದ್ದರು. ಕೊನೆಗೆ ಅಡ್ಮಿನ್ ಗುಂಪಿಗೇ ಬೀಗ ಹಾಕಿ, ಮರುದಿನ ಯುಗಾದಿ ಕಾರ್ಯಕ್ರಮದ ಫೋಟೋ ಹಾಕಿ ತಣ್ಣಗೆ ಮಾಡಿದರು.

ನಾನು ಆ ಎರಡೂ ಗುಂಪಿಗೆ ಸೇರಿದವನಲ್ಲ. ನಿಮ್ಮ ಆರೋಪಗಳಲ್ಲಿ ಕೆಲವು ಗಂಭೀರ ಅನ್ನುವುದು ನನ್ನ ಅಭಿಪ್ರಾಯ. ನೀವು ಹೋದ ದಾರಿ ಮಾತ್ರ ಸರಿ ಕಾಣಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಊರಿನಿಂದ ಓದುವವರಿಗಾಗಿ ಎರಡು ಮಾತು. ವಾಗ್ದಂಡನೆ ಅಂದ ಕೂಡಲೇ ಅಧ್ಯಕ್ಷ ಮನೆಗೆ ಹೋದ ಅಂತ ಅಲ್ಲ. ಕೆಳಮನೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಅಷ್ಟೇ. ವಿಚಾರಣೆ ನಡೆಸಿ ತೀರ್ಪು ಹೇಳುವುದು ಮೇಲ್ಮನೆ, ಅಂದರೆ ಸೆನೆಟ್. ಅಲ್ಲಿ ಹಾಜರಿದ್ದವರ ಮೂರನೇ ಎರಡರಷ್ಟು ವೋಟು ಬೇಕು. ನೂರೂ ಜನ ಕೂತಿದ್ದರೆ 67. ಆಂಡ್ರ್ಯೂ ಜಾನ್ಸನ್ 1868ರಲ್ಲಿ, ಬಿಲ್ ಕ್ಲಿಂಟನ್ 1998ರಲ್ಲಿ, ಟ್ರಂಪ್ 2019ರಲ್ಲಿ ಮತ್ತೆ 2021ರಲ್ಲಿ, ಹೀಗೆ ನಾಲ್ಕು ಸಲ ಕೆಳಮನೆ ಆರೋಪ ಹೊರಿಸಿದೆ. ಸೆನೆಟ್ ಒಮ್ಮೆಯೂ ಯಾರನ್ನೂ ತಪ್ಪಿತಸ್ಥ ಅಂದಿಲ್ಲ. ಜಾನ್ಸನ್ ಒಂದೇ ಒಂದು ವೋಟಿನಲ್ಲಿ ಉಳಿದುಕೊಂಡ, 35ಕ್ಕೆ 19. ಅವತ್ತು ಅವನನ್ನು ಉಳಿಸಿದ್ದು ಎದುರು ಪಕ್ಷದ ಏಳು ಜನ ಸೆನೆಟರುಗಳು.

(ನಮ್ಮಲ್ಲೂ ಇದರ ರುಚಿ ಗೊತ್ತು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ತೆಗೆಯುವ ಗೊತ್ತುವಳಿ ಲೋಕಸಭೆಗೆ ಬಂದಾಗ ಪರವಾಗಿ 196 ವೋಟು ಬಿತ್ತು. ವಿರುದ್ಧವಾಗಿ ಒಂದೂ ಬೀಳಲಿಲ್ಲ. ಆದರೂ ಗೊತ್ತುವಳಿ ಸೋತಿತು, ಯಾಕಂದರೆ ಕಾಂಗ್ರೆಸ್ ಸಂಸದರು ವೋಟೇ ಹಾಕದೆ ಕೂತರು. ಪಕ್ಷ ಮನಸ್ಸು ಮಾಡಿದರೆ 'ಬೇಡ' ಅನ್ನುವ ಕಷ್ಟವನ್ನೂ ತೆಗೆದುಕೊಳ್ಳದೆ ಕೆಲಸ ಮುಗಿಸಬಹುದು.)

ಸರಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ನೀವು ಆ ಗೊತ್ತುವಳಿಯನ್ನು ವೋಟಿಗೆ ಹಾಕಿಸಲು ಹೊರಟಿರಿ. ನಿಯಮದ ಪ್ರಕಾರ ಒಬ್ಬ ಸದಸ್ಯ ಎದ್ದು ನಿಂತರೂ ಸಾಕು, ಕಲಾಪದ ಎರಡು ದಿನದೊಳಗೆ ಸದನ ಅದನ್ನು ಎತ್ತಿಕೊಳ್ಳಲೇಬೇಕು. ಆದರೆ ನಿಮ್ಮನ್ನು ತಡೆದವರು ಟ್ರಂಪ್ ಪಕ್ಷದ ರಿಪಬ್ಲಿಕನ್ನರಲ್ಲ, ನಿಮ್ಮದೇ ಡೆಮಾಕ್ರಾಟ್ ಪಕ್ಷದವರು. 'ಇದು ಸಮಯವಲ್ಲ' ಅಂದರು. ಸಹಿ ಹಾಕಿದ್ದ ಕೆಲವರು ಹೆಸರು ವಾಪಸ್ ತೆಗೆದುಕೊಂಡರು. ಮೇ 14ರಂದು ನೀವು ಹಿಂದೆ ಸರಿದಿರಿ. ಮುಂದಿನ ತಿಂಗಳು ಟೆಕ್ಸಸ್‌ನ ಡೆಮಾಕ್ರಾಟ್ ಸಂಸದ ಆಲ್ ಗ್ರೀನ್ ಇರಾನ್ ಮೇಲಿನ ಬಾಂಬ್ ದಾಳಿ ಹಿಡಿದುಕೊಂಡು ಅಂಥದ್ದೇ ಗೊತ್ತುವಳಿ ತಂದರು. ಜೂನ್ 24ರಂದು ಸದನ ಅದನ್ನು 344ಕ್ಕೆ 79ರಂತೆ ಮೂಲೆಗೆ ಸರಿಸಿತು. ಆ 344ರಲ್ಲಿ 128 ಜನ ಡೆಮಾಕ್ರಾಟರು.

ನಿಮ್ಮ ಬೆಂಬಲಿಗರು ಇದನ್ನು ಹೇಡಿತನ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಲೆಕ್ಕ ಗೊತ್ತಿತ್ತು. ಸ್ವಂತ ಪಕ್ಷದ ವೋಟೇ ಪೂರ್ತಿ ಸಿಗದ ಗೊತ್ತುವಳಿ ಆಚೆ ಕಡೆಯಿಂದ ಒಬ್ಬನನ್ನಾದರೂ ಕರೆದು ತರುತ್ತದೆಯೇ?

ನಿಮ್ಮ ಏಳು ಆರೋಪಗಳನ್ನು ನಾನು ಪೂರ್ತಿ ಓದಿದ್ದೇನೆ. ಕೋರ್ಟ್ ಆದೇಶ ಪಾಲಿಸದೆ, ಸರಿಯಾದ ವಿಚಾರಣೆ ಇಲ್ಲದೆ ಜನರನ್ನು ದೇಶದಿಂದ ಸಾಗಿಸಿದ್ದು ಮೊದಲನೆಯದು. ಸಂಸತ್ತು ಮಂಜೂರು ಮಾಡಿದ ಹಣ ತಡೆಹಿಡಿದದ್ದು ಎರಡನೆಯದು. ಅಲ್ಲಿಯವರೆಗೆ ನನಗೂ ತಲೆದೂಗಬೇಕು ಅನ್ನಿಸಿತು. ಮೂರನೆಯದರಲ್ಲಿ ಸುಂಕ ಬಂತು. ಆಮೇಲೆ ವಾಕ್ ಸ್ವಾತಂತ್ರ್ಯ, ಸರ್ಕಾರಿ ಖರ್ಚು ಕಡಿತಕ್ಕೆ ಅಂತ ಟ್ರಂಪ್ ತೆರೆದ ಡೋಜ್ ಕಚೇರಿ, ಲಂಚ, ಕೊನೆಗೆ ಸರ್ವಾಧಿಕಾರ. ಒಟ್ಟಿನಲ್ಲಿ ಈ ಮನುಷ್ಯ ಮಾಡಿದ್ದರಲ್ಲಿ ನಿಮಗೆ ಹಿಡಿಸದ್ದೆಲ್ಲ ಅದರಲ್ಲಿತ್ತು. ಮದುವೆ ಊಟದ ಎಲೆಯ ಹಾಗೆ, ಯಾವುದು ಮುಖ್ಯ ಅಂತಲೇ ತಿಳಿಯದಷ್ಟು ಬಡಿಸಿದ್ದಿರಿ. ಸುಂಕದ ವಿಚಾರವನ್ನೇ ನೋಡಿ. ಅದೇ ಮೇ 28ರಂದು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಆ ಸುಂಕಗಳಲ್ಲಿ ಬಹುಪಾಲು ಅಧಿಕಾರ ಮೀರಿ ಹಾಕಿದ್ದು ಅಂತ ತೀರ್ಪು ಕೊಟ್ಟಿತು. ಕೋರ್ಟು ನೋಡಿಕೊಳ್ಳುವ ಜಗಳವನ್ನು ಕೋರ್ಟಿಗೇ ಬಿಡಬಹುದಿತ್ತು ಅಲ್ವಾ?

1974ರ ಕಥೆ ನಿಮಗೆ ಗೊತ್ತಿರುತ್ತದೆ, ಆದರೂ ಅದರಲ್ಲಿ ಒಂದು ಭಾಗವನ್ನು ಯಾರೂ ಹೇಳುವುದಿಲ್ಲ. ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರಲ್ಲಿ 49 ರಾಜ್ಯ ಗೆದ್ದು ಬಂದವರು. ಎರಡೇ ವರ್ಷದಲ್ಲಿ ರಾಜೀನಾಮೆ ಕೊಟ್ಟರು. ವಾಟರ್‌ಗೇಟ್ ಹಗರಣ (ಎದುರು ಪಕ್ಷದ ಕಚೇರಿಗೆ ಕನ್ನ ಹಾಕಿಸಿ ಮುಚ್ಚಿಹಾಕಲು ನೋಡಿದ ಪ್ರಕರಣ) ಸಾಬೀತು ಮಾಡುವ ಶ್ವೇತಭವನದ ಮಾತುಕತೆಯ ಟೇಪುಗಳು ಸಿಕ್ಕವು, ಹಾಗಾಗಿ ಹೋದರು ಅಂತ ಎಲ್ಲರೂ ಹೇಳುತ್ತಾರೆ. ಟೇಪು ನಿಜ. ಆದರೆ ಟೇಪಿನ ಕೊನೇ ಸಾಕ್ಷ್ಯ ಹೊರಬಿದ್ದದ್ದು ಆಗಸ್ಟ್ 5ರಂದು. ಕೆಳಮನೆಯ ನ್ಯಾಯಾಂಗ ಸಮಿತಿ ಅದಕ್ಕೂ ಮೊದಲೇ, ಜುಲೈ 27ರಂದೇ, 27ಕ್ಕೆ 11ರಂತೆ ಮೊದಲ ಆರೋಪ ಒಪ್ಪಿತ್ತು. ಆ 27ರಲ್ಲಿ ಆರು ಜನ ನಿಕ್ಸನ್ ಪಕ್ಷದವರೇ.

ಅದು ಹೇಗಾಯಿತು? ಫೆಬ್ರವರಿಯಲ್ಲಿ ತನಿಖೆಗೆ ಒಪ್ಪಿಗೆ ಕೊಡುವಾಗಲೇ ಸದನದ ವೋಟು 410ಕ್ಕೆ 4. ತನಿಖೆ ನಡೆಸಲು ಆ ಸಮಿತಿಯ ಅಧ್ಯಕ್ಷ, ಡೆಮಾಕ್ರಾಟ್ ಪೀಟರ್ ರೊಡಿನೊ ಆರಿಸಿದ ವಕೀಲ ಜಾನ್ ಡೋರ್ ಒಬ್ಬ ರಿಪಬ್ಲಿಕನ್. ಮೇ ತಿಂಗಳಿಂದ ವಾರಗಟ್ಟಲೆ ಬಾಗಿಲು ಹಾಕಿಕೊಂಡು, ಟಿ.ವಿ. ಇಲ್ಲದೆ ಸಾಕ್ಷ್ಯ ಓದಿದರು. ಜುಲೈ ಕೊನೆಯಲ್ಲಿ ಇಲಿನಾಯ್‌ನ ರಿಪಬ್ಲಿಕನ್ ಟಾಮ್ ರೇಲ್ಸ್‌ಬ್ಯಾಕ್ ಅವರ ಕಚೇರಿಯಲ್ಲಿ ಏಳು ಜನ ಕೂಡಿದರು. ನಾಲ್ವರು ರಿಪಬ್ಲಿಕನ್ನರು, ಮೂವರು ದಕ್ಷಿಣದ ಡೆಮಾಕ್ರಾಟರು. ಆ ಮೂವರ ಊರುಗಳೂ ನಿಕ್ಸನ್‌ಗೆ ಮುಗಿಬಿದ್ದು ವೋಟು ಹಾಕಿದ ಊರುಗಳು. ಆರೋಪದ ವಾಕ್ಯಗಳನ್ನು ಈ ಏಳು ಜನ ಕೂತು ತಿದ್ದಿದರು. ಊರಿಗೆ ಹೋಗಿ ಏನು ಹೇಳಬಲ್ಲೆವು, ಏನು ಹೇಳಲಾರೆವು ಅಂತ ಒಂದೊಂದು ಪದವನ್ನೂ ತೂಗಿದರು.

ಯಾರೂ ಹೇಳದ ಭಾಗ ಇದು: ಆ ಸಮಿತಿ ಎರಡು ಆರೋಪಗಳನ್ನು ಕೈಬಿಟ್ಟಿತು. ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬ್ ಹಾಕಿಸಿದ್ದು ಒಂದು. ತೆರಿಗೆ ವಂಚನೆ ಮತ್ತು ಸರ್ಕಾರದ ದುಡ್ಡಲ್ಲಿ ಸ್ವಂತ ಮನೆ ಸರಿಮಾಡಿಸಿಕೊಂಡದ್ದು ಇನ್ನೊಂದು. ಎರಡೂ 26ಕ್ಕೆ 12ರಂತೆ ಬಿದ್ದವು. ಬೀಳಿಸಿದವರಲ್ಲಿ ಡೆಮಾಕ್ರಾಟರೂ ಇದ್ದರು. ಕಾಂಬೋಡಿಯಾ ಸಣ್ಣ ವಿಷಯವೇ? ಖಂಡಿತ ಅಲ್ಲ, ನನ್ನನ್ನು ಕೇಳಿದರೆ ವಾಟರ್‌ಗೇಟ್‌ಗಿಂತ ದೊಡ್ಡದು. ಆದರೆ ಅದನ್ನು ಸೇರಿಸಿದ್ದರೆ ಪಟ್ಟಿ 'ನಮಗೆ ನಿಕ್ಸನ್ ಕಂಡರೆ ಆಗದು' ಅನ್ನುವ ಪಟ್ಟಿಯಾಗುತ್ತಿತ್ತು, ಆ ಆರು ಜನ ಎದ್ದು ಹೋಗುತ್ತಿದ್ದರು. ಬಿಡಬೇಕಾದ್ದನ್ನು ಹೊಟ್ಟೆ ಉರಿದರೂ ಬಿಟ್ಟರು. ಉಳಿಸಿಕೊಂಡದ್ದು ಗಟ್ಟಿಯಾಗಿ ನಿಂತಿತು. ಆಗಸ್ಟ್ 5ರ ಟೇಪು ಬಂದ ಮೇಲೆ ಸಮಿತಿಯಲ್ಲಿ ವಿರೋಧಿಸಿದ್ದ ಉಳಿದ ರಿಪಬ್ಲಿಕನ್ನರೂ ತಿರುಗಿದರು. ಆಗಸ್ಟ್ 7ರ ಸಂಜೆ ಬ್ಯಾರಿ ಗೋಲ್ಡ್‌ವಾಟರ್ ಸಮೇತ ಮೂವರು ಹಿರಿಯ ರಿಪಬ್ಲಿಕನ್ನರು ಶ್ವೇತಭವನಕ್ಕೆ ಹೋಗಿ ನಿಮ್ಮ ಕಡೆ ವೋಟು ಉಳಿದಿಲ್ಲ ಅಂತ ತಿಳಿಸಿದರು. 9ಕ್ಕೆ ನಿಕ್ಸನ್ ಹೊರಟರು.

'ಅದು ಆ ಕಾಲ, ಇವತ್ತಿನ ರಿಪಬ್ಲಿಕನ್ನರು ಹಾಗಿಲ್ಲ' ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಹಾಗೆ ಆಡಿದವರು ಒಂದೇ ಕಡೆ ಇಲ್ಲ. ರಿಪಬ್ಲಿಕನ್ ಪಕ್ಷದ ಲಿಂಡ್ಸೆ ಗ್ರಹಾಂ 1999ರಲ್ಲಿ ಕ್ಲಿಂಟನ್ ವಿರುದ್ಧ ವಾದಿಸುತ್ತಾ, ಹುದ್ದೆ ಕಳೆದುಕೊಳ್ಳಲು ಕ್ರಿಮಿನಲ್ ಅಪರಾಧವೇ ಸಾಬೀತಾಗಬೇಕಿಲ್ಲ ಅಂದಿದ್ದರು. ಇಪ್ಪತ್ತು ವರ್ಷದ ನಂತರ ಟ್ರಂಪ್ ಸರದಿ ಬಂದಾಗ, ವಿಚಾರಣೆ ಶುರುವಾಗುವ ಮೊದಲೇ ನನ್ನ ಮನಸ್ಸು ಗಟ್ಟಿಯಾಗಿದೆ, ನಿಷ್ಪಕ್ಷಪಾತಿ ಅಂತ ನಟಿಸುವುದಿಲ್ಲ ಅಂದರು. ಆಗ ಸೆನೆಟ್‌ನ ರಿಪಬ್ಲಿಕನ್ ನಾಯಕರಾಗಿದ್ದ ಮಿಚ್ ಮೆಕಾನೆಲ್ ಕೂಡ ಅದೇ ಧಾಟಿ. ಆಮೇಲೆ ಇಬ್ಬರೂ ಕೈ ಎತ್ತಿ 'ನಿಷ್ಪಕ್ಷಪಾತವಾಗಿ ನ್ಯಾಯ ಕೊಡುತ್ತೇನೆ' ಅಂತ ಪ್ರಮಾಣ ಮಾಡಿ, ಪುಸ್ತಕದಲ್ಲಿ ಸಹಿಯನ್ನೂ ಹಾಕಿದರು.

ಈಗ ನಿಮ್ಮ ಕಡೆ ನೋಡಿ. 1998ರಲ್ಲಿ ಜೆರಿ ನ್ಯಾಡ್ಲರ್, ಒಂದೇ ಪಕ್ಷದ ಬೆಂಬಲದಿಂದ ಅಲ್ಪ ಬಹುಮತದ ವಾಗ್ದಂಡನೆ ಎಂದೂ ನಡೆಯಬಾರದು ಅಂದಿದ್ದರು. 2019ರಲ್ಲಿ ಅವರೇ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ಅಂಥದ್ದನ್ನೇ ನಡೆಸಿದರು. ಕ್ಲಿಂಟನ್ ವಿಚಾರಣೆಯಲ್ಲಿ 45 ಡೆಮಾಕ್ರಾಟ್ ಸೆನೆಟರುಗಳಲ್ಲಿ ಒಬ್ಬರಿಗೂ ಆತ ತಪ್ಪಿತಸ್ಥ ಅನ್ನಿಸಲಿಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದ ಆರೋಪದಲ್ಲೂ. ಅದು ದೊಡ್ಡ ಅಪರಾಧ ಅಲ್ಲ ಅಂತ ವಾದಿಸಬಹುದು, ನಾನೂ ಅರ್ಧ ಒಪ್ಪುತ್ತೇನೆ. 45ಕ್ಕೆ 45 ಮಾತ್ರ ನನಗೆ ಜೀರ್ಣ ಆಗುವುದಿಲ್ಲ.

ತೀರಾ ಹತ್ತಿರದ ಉದಾಹರಣೆಯಲ್ಲಿ ನೀವೇ ಇದ್ದೀರಿ. 2024ರಲ್ಲಿ ರಿಪಬ್ಲಿಕನ್ನರು ಗೃಹಭದ್ರತೆ ಕಾರ್ಯದರ್ಶಿ ಮಯೋರ್ಕಸ್ ಮೇಲೆ ವಾಗ್ದಂಡನೆ ತಂದರು. ಫೆಬ್ರವರಿ 6ರ ಮೊದಲ ವೋಟಿನ ದಿನ ಇದೇ ಆಲ್ ಗ್ರೀನ್ ಆಪರೇಷನ್ ಮಾಡಿಸಿಕೊಂಡು ಮಲಗಿದ್ದವರು, ಆಸ್ಪತ್ರೆಯ ಬಟ್ಟೆಯಲ್ಲೇ ಗಾಲಿಕುರ್ಚಿಯಲ್ಲಿ ಬಂದು 'ಬೇಡ' ಅಂತ ವೋಟು ಹಾಕಿದರು. ಕಾಲಲ್ಲಿ ಶೂ ಕೂಡ ಇರಲಿಲ್ಲ. ಆ ಒಂದು ವೋಟಿನಿಂದ ಲೆಕ್ಕ ಸಮ ಆಗಿ, ಗೊತ್ತುವಳಿ ಅವತ್ತಿಗೆ ಬಿತ್ತು. ಒಂದು ವಾರದ ನಂತರ ರಿಪಬ್ಲಿಕನ್ನರು ಒಂದೇ ವೋಟಿನ ಅಂತರದಲ್ಲಿ, 214ಕ್ಕೆ 213ರಂತೆ ಗೆದ್ದರು. ಸೆನೆಟ್ ವಿಚಾರಣೆಯನ್ನೇ ಮಾಡದೆ ಕೈಬಿಟ್ಟಿತು. ಆಗ ನಿಮ್ಮ ಪಕ್ಷದ ವಾದ ಏನಿತ್ತು? ಗಡಿ ನೀತಿ ಇಷ್ಟವಿಲ್ಲ ಅಂತ ವಾಗ್ದಂಡನೆ ತರುವ ಹಾಗಿಲ್ಲ, ನೀತಿಯ ಜಗಳ ಅಪರಾಧ ಅಲ್ಲ, ಅಂತ. ಬಹಳ ಸರಿಯಾದ ಮಾತು. ಮರುವರ್ಷ ಸುಂಕ ನೀತಿಯನ್ನು ಮೂರನೇ ಆರೋಪ ಮಾಡಿ ತಂದವರು ನೀವು.

ಇನ್ನು ನಮ್ಮ ಮಿಷಿಗನ್ನಿನ ವಿಷಯ. ಈ ಪತ್ರ ಬರೆಯಲು ನಿಜವಾದ ಕಾರಣ ಇದೇ.

ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಸೀಟು ಒಂದು ವಿಚಿತ್ರ ಸೀಟು. ಅಲ್ಲಿನ ಜಸ್ಟಿನ್ ಅಮಾಶ್ ರಿಪಬ್ಲಿಕನ್ ಆಗಿದ್ದವರು. 2019ರ ಜುಲೈ 4ರಂದು ಪಕ್ಷ ಬಿಟ್ಟರು, ಡಿಸೆಂಬರಿನಲ್ಲಿ ಟ್ರಂಪ್ ವಾಗ್ದಂಡನೆಗೆ 'ಹೌದು' ಅಂದರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅದೇ ಸೀಟಿಗೆ ಪೀಟರ್ ಮೈಯರ್ ಬಂದರು. ನಾವೆಲ್ಲ ಕೊತ್ತಂಬರಿ ಸೊಪ್ಪು, ಹಾಲು ತರುವ ಮೈಯರ್ ಅಂಗಡಿಗಳಿವೆಯಲ್ಲ, ಅದೇ ಮನೆತನದ ಹುಡುಗ. ಇರಾಕಿನಲ್ಲಿ ಸೇನೆಯಲ್ಲಿದ್ದವನು. ಪ್ರಮಾಣ ಮಾಡಿದ್ದು 2021ರ ಜನವರಿ 3ರಂದು. ಮೂರೇ ದಿನಕ್ಕೆ ಸಂಸತ್ ಭವನ ಕ್ಯಾಪಿಟಲ್‌ಗೆ ಟ್ರಂಪ್ ಬೆಂಬಲಿಗರ ದೊಂಬಿ ನುಗ್ಗಿತು. 13ರಂದು ಎರಡನೇ ವಾಗ್ದಂಡನೆಗೆ 'ಹೌದು' ಅಂದ ಹತ್ತು ರಿಪಬ್ಲಿಕನ್ನರಲ್ಲಿ ಈತನೂ ಒಬ್ಬ. ಮರುದಿನ ಟಿ.ವಿ.ಯಲ್ಲಿ, ಯಾರಾದರೂ ನಮ್ಮನ್ನು ಕೊಲ್ಲಲು ಬರಬಹುದು, ಗುಂಡು ತಡೆಯುವ ಕವಚ ಕೊಳ್ಳುತ್ತಿದ್ದೇವೆ ಅಂದರು. ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರಲಿಲ್ಲ. ಆ ಹತ್ತರಲ್ಲಿ ನಮ್ಮ ರಾಜ್ಯದ ಇನ್ನೊಬ್ಬರು ಫ್ರೆಡ್ ಅಪ್ಟನ್, 1987ರಿಂದ ಸದನದಲ್ಲಿದ್ದ ಹಳೇ ಹುಲಿ.

ಸೆನೆಟ್‌ನಲ್ಲಿ ಏಳು ರಿಪಬ್ಲಿಕನ್ನರು ಸೇರಿ 57 ವೋಟು ಬಿತ್ತು. ಹತ್ತು ಕಡಿಮೆ. 'ಅಧಿಕಾರದಿಂದ ಇಳಿದವನನ್ನು ವಿಚಾರಣೆ ಮಾಡುವ ಹಕ್ಕು ನಮಗಿಲ್ಲ' ಅಂತ ಹಲವರು ನುಣುಚಿಕೊಂಡರು. 1876ರಲ್ಲಿ ಯುದ್ಧ ಕಾರ್ಯದರ್ಶಿ ಬೆಲ್ನ್ಯಾಪ್ ರಾಜೀನಾಮೆ ಕೊಟ್ಟ ಮೇಲೂ ಇದೇ ಸೆನೆಟ್ ವಿಚಾರಣೆ ನಡೆಸಿತ್ತು. ಇನ್ನೂ ತಮಾಷೆ ಅಂದರೆ, ಟ್ರಂಪ್ ಇಳಿಯುವ ಮೊದಲೇ ಸೆನೆಟ್ ಕರೆಯಲು ಒಪ್ಪದವರು ಮೆಕಾನೆಲ್. ಆಮೇಲೆ 'ಇಳಿದಾಯ್ತಲ್ಲ' ಅಂತ ಬಿಡುಗಡೆಗೆ ವೋಟು ಹಾಕಿ, ಅದೇ ದಿನ ಎದ್ದು ನಿಂತು, ಆ ದೊಂಬಿಗೆ ಟ್ರಂಪ್ ನೈತಿಕವಾಗಿ ಹೊಣೆ ಅಂತ ಭಾಷಣ ಮಾಡಿದವರೂ ಅವರೇ. ರಿಪಬ್ಲಿಕನ್ ಪಕ್ಷಕ್ಕೆ ಬೆಂಬಲ ಕೊಡುವ ನನ್ನ ಗೆಳೆಯರು ಇದಕ್ಕೆ ಇವತ್ತಿನವರೆಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ಆ ಹತ್ತು ಜನರ ಗತಿ? ನಾಲ್ವರು ಮತ್ತೆ ನಿಲ್ಲಲಿಲ್ಲ, ಅಪ್ಟನ್ ಅವರಲ್ಲಿ ಒಬ್ಬರು. ನಾಲ್ವರು ಪ್ರೈಮರಿಯಲ್ಲೇ, ಅಂದರೆ ಪಕ್ಷದೊಳಗೆ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲೇ ಸೋತರು. ವಯೋಮಿಂಗ್‌ನ ಲಿಜ್ ಚೇನಿ ಸೋತದ್ದು ಭಾರೀ ಅಂತರದಲ್ಲಿ. ಗೆದ್ದು ವಾಪಸ್ ಬಂದವರು ಇಬ್ಬರೇ.

ಮೈಯರ್ ಸೋತ ರೀತಿ ಮಾತ್ರ ಬೇರೆ. 2022ರ ಪ್ರೈಮರಿಯಲ್ಲಿ ಅವರ ಎದುರು ನಿಂತದ್ದು ಟ್ರಂಪ್ ಬೆಂಬಲದ ಜಾನ್ ಗಿಬ್ಸ್. ಕೊನೇ ದಿನಗಳಲ್ಲಿ ಪಶ್ಚಿಮ ಮಿಷಿಗನ್ನಿನ ಟಿ.ವಿ.ಗಳಲ್ಲಿ ಒಂದು ಜಾಹೀರಾತು ಬಂತು. ಈ ಗಿಬ್ಸ್ ನಮ್ಮ ಸೀಮೆಗೆ ವಿಪರೀತ ಸಂಪ್ರದಾಯವಾದಿ, ಟ್ರಂಪ್ ಸ್ವತಃ ಆರಿಸಿದ ಆಳು, ಅಂತ. ಕೇಳಲು ಬೈದ ಹಾಗಿತ್ತು. ರಿಪಬ್ಲಿಕನ್ ಪ್ರೈಮರಿ ಮತದಾರನಿಗೆ ಅದಕ್ಕಿಂತ ಒಳ್ಳೆ ಶಿಫಾರಸು ಬೇಕೇ? ಆ ಜಾಹೀರಾತಿಗೆ ನಾಲ್ಕು ಲಕ್ಷ ಡಾಲರಿಗೂ ಜಾಸ್ತಿ ಸುರಿದದ್ದು ನಿಮ್ಮ ಪಕ್ಷದ ಕೆಳಮನೆ ಚುನಾವಣಾ ಸಮಿತಿ. ಮೈಯರ್ ಸ್ವಲ್ಪ ಅಂತರದಲ್ಲಿ ಸೋತರು. ನವೆಂಬರಿನಲ್ಲಿ ನಿಮ್ಮ ಪಕ್ಷದ ಹಿಲರಿ ಶೋಲ್ಟನ್ ಗಿಬ್ಸ್ ಅವರನ್ನು ಸೋಲಿಸಿ ಸೀಟು ಗೆದ್ದರು. ಲೆಕ್ಕ ಪಕ್ಕಾ ಆಗಿತ್ತು.

ಪ್ರಜಾಪ್ರಭುತ್ವ ಅಪಾಯದಲ್ಲಿದೆ, ಪಕ್ಷ ಮರೆತು ವೋಟು ಹಾಕಿ, ಅಂತ ಜನವರಿಯಲ್ಲಿ ಕೇಳಿದಿರಿ. ಒಬ್ಬ ಹಾಕಿದ. ಮುಂದಿನ ವರ್ಷ ಆಗಸ್ಟಿನ ಪ್ರೈಮರಿಯಲ್ಲಿ ಅವನ ಕಾಲೆಳೆಯಲು ದುಡ್ಡು ಹಾಕಿದಿರಿ. 'ನೀವು' ಅಂದರೆ ನಿಮ್ಮ ಪಕ್ಷ. ಸ್ವತಃ ನೀವು ಆಗ ಸಂಸತ್ತಿನಲ್ಲಿ ಇರಲಿಲ್ಲ, 2023ರ ಜನವರಿಯಲ್ಲಿ ಬಂದವರು. ಆ ಪಾಪ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಆದರೆ ಈಗ ಸದನದಲ್ಲಿ ಕೂತಿರುವ ಯಾವ ರಿಪಬ್ಲಿಕನ್ ಸದಸ್ಯನಿಗೂ ಆ ಜಾಹೀರಾತು ಮರೆತಿಲ್ಲ. ನಿಮ್ಮ ಗೊತ್ತುವಳಿ ಓದಿ ಒಳಗೊಳಗೆ ಹೌದು ಅನ್ನಿಸಿದರೂ, ಅವನಿಗೆ ಎರಡೂ ಕಡೆಯಿಂದ ಏಟು ಖಚಿತ ಅಂತ ಗೊತ್ತು.

ಹಾಗಂತ ಕೈಕಟ್ಟಿ ಕೂತುಕೊಳ್ಳಿ ಅಂತ ಹೇಳುತ್ತಿಲ್ಲ. ಏಳನ್ನು ಒಂದಕ್ಕೆ ಇಳಿಸಿ. ನನ್ನನ್ನು ಕೇಳಿದರೆ ಕೋರ್ಟ್ ಆದೇಶ ಮೀರಿದ್ದೊಂದೇ ಸಾಕು. ತಾರೀಕು, ಆದೇಶ, ಆಮೇಲೆ ಸರ್ಕಾರ ಏನು ಮಾಡಿತು ಅನ್ನುವ ದಾಖಲೆ, ಅಷ್ಟೇ ಇರಲಿ. ವಿಶೇಷಣ ಬೇಡ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮುಂದೆ ಡೆಮಾಕ್ರಾಟ್ ಅಧ್ಯಕ್ಷರು ಇದನ್ನೇ ಮಾಡಿದರೂ ನನ್ನ ವೋಟು ಇದೇ, ಅಂತ. ಈ ಸಾಲನ್ನು ಈವರೆಗೆ ಎರಡೂ ಪಕ್ಷದಲ್ಲಿ ಯಾರೂ ಬರೆದು ಸಹಿ ಹಾಕಿದ್ದು ನಾನು ನೋಡಿಲ್ಲ. ಬರೆದರೆ ನಿಮ್ಮ ಪಕ್ಷದಲ್ಲೇ ಮೊದಲ ವಿರೋಧ ಬರುತ್ತದೆ, ಅದು ನಿಮಗೇನೂ ಹೊಸದಲ್ಲ.

ಆ ಕಾಗದ ಹಿಡಿದು ರಿಪಬ್ಲಿಕನ್ನರ ಕಚೇರಿಗೆ ಹೋಗಿ, ಕ್ಯಾಮೆರಾ ಹೊರಗೆ ಬಿಟ್ಟು. ಒಬ್ಬರೂ ಒಪ್ಪದಿದ್ದರೆ ಬೇಡ, ವೋಟಿಗೆ ಹಾಕಿಸಬೇಡಿ. ಪಟ್ಟಿ ನಿಮ್ಮ ಮೇಜಿನ ಮೇಲಿರಲಿ. 1974ರ ಆ ಏಳು ಜನರೂ ಜುಲೈವರೆಗೆ ಬಾಯಿ ಬಿಟ್ಟಿರಲಿಲ್ಲ.

ಕೊನೆಗೆ ಒಂದು ಪ್ರಶ್ನೆ, ಇದಕ್ಕೆ ಮಾತ್ರ ಉತ್ತರ ಬೇಕು. ಮುಂದಿನ ಸಲ ಯಾರಾದರೂ ರಿಪಬ್ಲಿಕನ್ ಸದಸ್ಯ ತನ್ನ ಅಧ್ಯಕ್ಷನ ವಿರುದ್ಧ ನಿಮ್ಮ ಜೊತೆ ವೋಟು ಹಾಕಿದರೆ, ಅವನ ಪ್ರೈಮರಿಯಲ್ಲಿ ಅವನ ಎದುರಾಳಿಗೆ ನಿಮ್ಮ ಪಕ್ಷ ಒಂದು ಡಾಲರನ್ನೂ ಹಾಕಬಾರದು ಅಂತ ನೀವು ಪಕ್ಷದ ಸಭೆಯಲ್ಲಿ ಎದ್ದು ಕೇಳುತ್ತೀರಾ? ಕೇಳಿದ್ದನ್ನು ಹೊರಗೂ ಹೇಳುತ್ತೀರಾ?

ಇಂತಿ,
ಡೆಟ್ರಾಯ್ಟ್ ಪಕ್ಕದ ಒಬ್ಬ ಕನ್ನಡಿಗ ಮತದಾರ